ಕುಡುಕರ ಸಭೆಗೆ ಮುಖ್ಯ ಅತಿಥಿ

ಏಲಕ್ಕಿ ಪರಿಮಳಕ್ಕೆ ನಿಮಗೆ ಪಾಯಸ ನೆನಪಾಗಬಹುದು. ನನಗೆ ಬ್ರಾಂದಿ ನೆನಪಾಗುತ್ತದೆ. ಈ ಬೆಳಿಗ್ಗೆ ಹೆಂಡತಿ ಏಲಕ್ಕಿ ಕುಟ್ಟುತ್ತಿದ್ದಳು. ಹಜಾರದಲ್ಲಿ ಪೇಪರು ಓದುತ್ತಿದ್ದ ನಾನು ಸುಮ್ಮಸುಮ್ಮನೆ ಕಳ್ಳನಂತೆ ಬಾಯಿ ಒರೆಸಿಕೊಂಡೆ. ಹನ್ನೆರಡು ವರ್ಷ ಜೇಬಿನಲ್ಲಿ ಏಲಕ್ಕಿ ಇಟ್ಟುಕೊಂಡು ತಿರುಗಿದವನು ನಾನು. ಸಂಜೆ ಬ್ರಾಂದಿ, ಅದರ ಮೇಲೆ ನಾಲ್ಕು ಏಲಕ್ಕಿ, ಆಮೇಲೆ ಮನೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು. ದಿನಸಿ ಅಂಗಡಿಯವನಿಗೆ ಮಾತ್ರ ನಮ್ಮ ಮನೆಯಲ್ಲಿ ದಿನಾ ಪಾಯಸ ಮಾಡುತ್ತಾರೇನೋ ಅನ್ನುವ ಅನುಮಾನವಿತ್ತು.

ನಾನು ಗಣಿತದ ಮೇಷ್ಟ್ರು. ಈಗ ನಿವೃತ್ತ. ನಮ್ಮ ಕಡೆ ಮೇಷ್ಟ್ರು ಅಂದರೆ ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಾರೆ, ನಾಮಕರಣದಿಂದ ಹಿಡಿದು ಬೋರ್‌ವೆಲ್ ಪೂಜೆಯವರೆಗೆ ಎಲ್ಲದಕ್ಕೂ ಕರೆದು ಎರಡು ಮಾತಾಡಿಸುತ್ತಾರೆ. ಈ ಮರ್ಯಾದೆಯ ರುಚಿ ಬ್ರಾಂದಿಗಿಂತ ಕೆಟ್ಟದ್ದು. ಅದನ್ನು ಬಿಡಿಸುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ಮಗಳ ಮದುವೆಗೆ ಎರಡು ತಿಂಗಳಿದ್ದಾಗ ಅವಳು ನೇರವಾಗಿ ಹೇಳಿದಳು: "ಅಪ್ಪಾ, ಧಾರೆ ಎರೆಯಕ್ಕೆ ಚಿಕ್ಕಪ್ಪನ್ನ ನಿಲ್ಲುಸ್ತೀನಿ. ನೀನು ಕುಡ್ದು ಬಂದು ನಿಂತ್ರೆ ನಾನು ಮಣೆಯಿಂದ ಎದ್ದೋಯ್ತೀನಿ." ಅವಳು ಅಳಲಿಲ್ಲ, ಕೂಗಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಮಡಚುತ್ತಲೇ ಇದ್ದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆದುಕೊಟ್ಟು, ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಸಭೆಗೂ ಹೋಗಿ ಎಂದರು. ಮಂಡ್ಯದಲ್ಲೇ ಒಂದಿತ್ತು. ಬಾಗಿಲವರೆಗೂ ಹೋದೆ. ಹೊರಗೆ ನನ್ನ ಷಡ್ಡಕನ ಸ್ಕೂಟರು ನಿಂತಿತ್ತು. ಅವನೂ ಕುಡಿಯುತ್ತಾನೆಯೇ ಅಂತ ಒಂದು ಕ್ಷಣ ಖುಷಿಪಟ್ಟು ವಾಪಸು ಬಂದೆ. ಆಮೇಲೆ ತಿಳಿಯಿತು, ಅವನು ಪಕ್ಕದ ಹಲ್ಲು ಡಾಕ್ಟರ ಹತ್ತಿರ ಬಂದಿದ್ದನಂತೆ.

ದೂರದ ಊರೇ ವಾಸಿ ಎಂದು ಮುಂದಿನ ವಾರ ಮದ್ದೂರಿಗೆ ಹೋದೆ. ಅಲ್ಲೇ ಪಕ್ಕದ ಆತಗೂರಿನಲ್ಲಿ ಹದಿನಾರು ವರ್ಷ ಪಾಠ ಹೇಳಿದವನಿಗೆ, ಆ ಹುಡುಗರು ಬೆಳೆದು ಮದ್ದೂರಿನಲ್ಲೇ ಕುಡಿದು, ಮದ್ದೂರಿನಲ್ಲೇ ಬಿಡುತ್ತಾರೆ ಎಂಬ ಸಣ್ಣ ಲೆಕ್ಕ ಹೊಳೆಯಲಿಲ್ಲ. ಒಳಗೆ ಕಾಲಿಟ್ಟೆ, ಅರ್ಧ ಸಭೆ ಎದ್ದು ನಿಂತಿತು. "ಮೇಷ್ಟ್ರು! ಲೇ, ಕುರ್ಚಿ ತತ್ತಾರ್ಲಾ! ನಮ್ಗೆ ಬುದ್ಧಿ ಯೋಳಕ್ಕೆ ಅಷ್ಟು ದೂರದಿಂದ ಬಂದವ್ರೆ!" ಎಲ್ಲಿಂದಲೋ ಶಾಲು ಬಂತು, ಹಾರ ಬಂತು. ನಾನೂ ಕುಡುಕನೇ ಕಣ್ರಪ್ಪಾ ಅನ್ನಲು ಬಾಯಿ ತೆರೆದೆ. ಹೊರಬಿದ್ದದ್ದು "ಮದ್ಯಪಾನದ ದುಷ್ಪರಿಣಾಮಗಳು". ಮುಕ್ಕಾಲು ಗಂಟೆ ಮಾತಾಡಿದೆ. ಒಬ್ಬ ಗಳಗಳ ಅತ್ತ. ಚಪ್ಪಾಳೆ ಬಿತ್ತು. ಶಾಲು ಹೊದ್ದುಕೊಂಡೇ ಬಸ್‌ಸ್ಟ್ಯಾಂಡಿನ ಹಿಂದಿನ ಬಾರಿಗೆ ಹೋಗಿ ಎಂದಿಗಿಂತ ಒಂದು ಕ್ವಾರ್ಟರ್ ಜಾಸ್ತಿ ಕುಡಿದೆ. ನನ್ನ ಜೀವನದ ಅತ್ಯುತ್ತಮ ಭಾಷಣ ಅದೇ.

ಮಾರನೆಯ ಭಾನುವಾರ ಮಳವಳ್ಳಿ. ಒಂದು ಹಳೇ ಗೋದಾಮಿನಲ್ಲಿ ಹತ್ತು ಜನ ಚಾಪೆಯ ಮೇಲೆ ಕೂತಿದ್ದರು. ಟೀ ಬಗ್ಗಿಸುತ್ತಿದ್ದವರು ನಿಂಗಮ್ಮ ಎಂಬ ಕೂಲಿ ಹೆಂಗಸು, ಕುಡಿತ ಬಿಟ್ಟು ಏಳು ವರ್ಷವಾಗಿತ್ತಂತೆ. ನನ್ನ ಸರದಿ ಬಂದಾಗ ಎದ್ದು, ಗಂಟಲು ಸರಿಮಾಡಿಕೊಂಡು, "ಮಾನ್ಯ ಅಧ್ಯಕ್ಷರೇ" ಎಂದೆ.

"ಇಲ್ಲಿ ಅಧ್ಯಕ್ಷರು ಯಾರೂ ಇಲ್ಲ ಕಣಪ್ಪ. ಎಲ್ಲಾ ಕುಡುಕ್ರೆಯ. ಕುಂತ್ಕೊ," ಎಂದರು ನಿಂಗಮ್ಮ.

"ನಾನು ಮೇಷ್ಟ್ರಮ್ಮ," ಎಂದೆ.

"ಆಗಿರು. ಕೈ ನೋಡು, ಲೋಟದಲ್ಲಿರೋ ಟೀಯೆಲ್ಲಾ ಪಂಚೆ ಮೇಲದೆ. ಭಾಷ್ಣ ಬುಡು, ನೆನ್ನೆ ಎಷ್ಟು ಕುಡುದೆ ಅದ ಯೋಳು."

ಇಷ್ಟು ವರ್ಷದಲ್ಲಿ ನನ್ನನ್ನು ಏಕವಚನದಲ್ಲಿ ಗದರಿದವರು ನಮ್ಮವ್ವ ಬಿಟ್ಟರೆ ಇವರೇ. ಸಿಟ್ಟು ಬರಬೇಕಿತ್ತು, ಅಳು ಬಂತು. ಎಷ್ಟು ಕುಡಿದೆ ಅಂತ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಆಕಳಿಸಿದ. ಆವತ್ತಿನಿಂದ ಕುಡಿದಿಲ್ಲ.

ಮದುವೆಯ ದಿನ ಮಗಳು ಚಿಕ್ಕಪ್ಪನನ್ನು ಕರೆಯಲಿಲ್ಲ, ನನ್ನ ಕಡೆ ನೋಡಿದಳು. ಹಾಲಿನ ಗಿಂಡಿ ಹಿಡಿದೆ. ಹೆದರಿಕೆಗೆ ಕೈ ನಡುಗಿ ಅರ್ಧ ಹಾಲು ಅಳಿಯನ ರೇಷ್ಮೆ ಪಂಚೆಯ ಮೇಲೆ ಬಿತ್ತು. ಕುಡಿದು ನೂರು ವೇದಿಕೆ ಹತ್ತಿದ್ದಾಗ ಯಾರಿಗೂ ಬಾರದ ಅನುಮಾನ ಆವತ್ತು ಬೀಗರಿಗೆ ಬಂತು. "ಬೆಳಿಗ್ಗೆನೇ ಏರ್ಸವ್ರೆ ಕಣ್ಲಾ," ಎಂದರು ಯಾರೋ.

ಮಗಳಿಗೂ ಕೇಳಿಸಿತು. ತಲೆ ತಗ್ಗಿಸಿ ಕೂರಬೇಕಾದ ಮದುಮಗಳು ತಲೆಯೆತ್ತಿ, ವಾದ್ಯದವರೂ ನಿಲ್ಲಿಸುವಷ್ಟು ಜೋರಾಗಿ ಹೇಳಿದಳು: "ನಮ್ಮಪ್ಪ ಕುಡ್ದಿಲ್ಲ. ಇವತ್ತಿಗೆ ನಲವತ್ತೊಂದು ದಿನ ಆಯ್ತು. ನಾನೇ ಎಣುಸ್ಕೊಂಡಿವ್ನಿ."

ಹೀಗೆ ಇಡೀ ಛತ್ರಕ್ಕೆ ನಾನು ಯಾರೆಂದು ತಿಳಿಯಿತು. ಅಲ್ಲಿಂದಾಚೆಗೆ ಬೋರ್‌ವೆಲ್ ಪೂಜೆಗೂ ಯಾರೂ ಕರೆದಿಲ್ಲ. ಭಾನುವಾರ ಪೂರ್ತಿ ಬಿಡುವು.

ಇವತ್ತಿನ ಪಾಯಸ ಊರಿಗೆ ಬಂದಿರುವ ಮಗಳಿಗೆ. ಊಟ ಮುಗಿಸಿ ಮಳವಳ್ಳಿ ಬಸ್ಸಿಗೆ ಚಪ್ಪಲಿ ಮೆಟ್ಟುತ್ತಾ, "ಎಷ್ಟು ದಿನ ಆಯ್ತು ಯೋಳು ನೋಡಾನ" ಎಂದೆ.

ಅವಳು ಮಗುವಿಗೆ ತುತ್ತಿಡುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಎಣ್ಸೋದು ಬುಟ್ಬುಟ್ಟೆ ಕಣಪ್ಪ. ಬೇಗ ಬಾ."

ಎಣಿಸುವುದನ್ನು ನಾನು ಬಿಟ್ಟಿಲ್ಲ. ಬಸ್ಸು ಮಳವಳ್ಳಿಯದೇ ತಾನೇ ಎಂದು ಎರಡು ಸಲ ಕೇಳಿ ಹತ್ತಬೇಕಾಯಿತು, ಬೋರ್ಡು ಕಾಣದಷ್ಟು ಕಣ್ಣು ಮಂಜಾಗಿತ್ತು.