ಓದುಗರ ಗುಟ್ಟು

ನಿವೃತ್ತ ಪೋಸ್ಟ್‌ಮ್ಯಾನ್ ಇನ್ನಾಸಪ್ಪನವರು ಮಂಡಿ ಮೊಹಲ್ಲಾದ ತಮ್ಮ ತಾರಸಿಯ ಗುಲಾಬಿ ಗಿಡಗಳ ಬಗ್ಗೆ ಬ್ಲಾಗ್ ಬರೆಯುತ್ತಿದ್ದರು. ‘ಇಲ್ಲಿಗೆ ಬಂದವರ ಹೆಸರು, ವಿಳಾಸ ಇಟ್ಟುಕೊಳ್ಳುವುದಿಲ್ಲ, ಯಾರಿಗೂ ಹೇಳುವುದಿಲ್ಲ’ ಎಂದು ಮೊದಲ ಪುಟದಲ್ಲೇ ಮಾತು ಕೊಟ್ಟಿದ್ದರು. ಬಂದವರನ್ನು ಎಣಿಸುವ ಕೌಂಟರನ್ನೂ ತೆಗೆಸಿದ್ದರಿಂದ, ಯಾರಾದರೂ ಓದುತ್ತಾರೋ ಇಲ್ಲವೋ ತಿಳಿಯದೆಯೇ ಎರಡು ವರ್ಷ ಕಳೆದವು.

ಒಂದು ಭಾನುವಾರ ಚರ್ಚಿನ ಬಾಗಿಲಲ್ಲಿ ಅವರದೇ ಬೀದಿಯ ಹುಡುಗಿ ಅಮಲಮೇರಿ ಸಿಕ್ಕಳು. “ಅಂಕಲ್, ಆಫೀಸಲ್ಲಿ ಕೂತು ದಿನಾ ನಿಮ್ ಬ್ಲಾಗೇ ಓದ್ತೀನಿ” ಎಂದಳು. ಇನ್ನಾಸಪ್ಪನವರಿಗೆ ಕಣ್ಣು ತುಂಬಿ ಬಂತು. ಮನೆಗೆ ಬಂದವರೇ ಅವಳ ಹೆಸರು, ಆಫೀಸು ಸಮೇತ ಬ್ಲಾಗಿನಲ್ಲಿ ಕೃತಜ್ಞತೆ ಬರೆದುಬಿಟ್ಟರು.

ಮರುದಿನ ಅವಳ ಫೋನ್ ಬಂತು. “ಏನ್ ಮಾಡ್ಬುಟ್ರಿ ಅಂಕಲ್! ನಮ್ ಸಾಹೇಬ್ರು ಅದನ್ನ ಓದ್ಬುಟ್ಟು ನಂಗೆ ಮೆಮೊ ಕೊಟ್ಟವ್ರೆ!”

ಇನ್ನಾಸಪ್ಪನವರು ನಾಚಿ, ಕ್ಷಮೆ ಕೇಳಿ, ಬರೆದದ್ದನ್ನು ಅಳಿಸಿದರು. ಆದರೆ ಸಾಹೇಬರೂ ತಮ್ಮ ಓದುಗರೇ ಎಂಬ ಸಂತೋಷವನ್ನು ಅಳಿಸಲು ಮಾತ್ರ ಅವರಿಂದಾಗಲಿಲ್ಲ.