‘ಯಾರು ಹೇಳಿದ್ದು?’ ಎಂದು ಕೇಳುವ ಕತ್ತರಿಯಕ್ಕ

ಬೆಳಗಿನ ಆರೂವರೆ. ಸಿದ್ಧ ಉಡುಪಿನ ಕಾರ್ಖಾನೆಯ ಎದುರಿನ ಬಸ್ ತಂಗುದಾಣದಲ್ಲಿ ಕತ್ತರಿಯಕ್ಕ ಇನ್ನೂ ಅಚ್ಚಾಗದ ಸುದ್ದಿಯೊಂದನ್ನು ಪಿಸುದನಿಯಲ್ಲಿ ಓದುತ್ತಿದ್ದಾರೆ. ಎದುರಿಗೆ ಊಟದ ಡಬ್ಬಿ ಹಿಡಿದ ಐವರು ಹೆಂಗಸರು. ಪಣ ಕಟ್ಟಿ ಹೇಳುತ್ತೇನೆ, ಭೂಮಂಡಲದ ಯಾವ ಸಂಪಾದಕನೂ ಇಂಥ ನ್ಯಾಯಾಧೀಶರ ಮುಂದೆ ನಿಂತು ಬದುಕಿ ಬಂದಿಲ್ಲ.

“ಎರಡನೇ ಮಹಡಿಯ ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಕಿಟಕಿಯಿಂದ ಬಗ್ಗಿ ನೋಡಿದರೆ ಕಾಣುತ್ತದೆ” ಎಂದು ಓದಿ ತಲೆಯೆತ್ತುತ್ತಾರೆ. “ಹೇಳ್ರಮ್ಮ, ಇದು ಯಾರು ಹೇಳಿದ್ದು?”

“ಇನ್ಯಾರು, ಗುಂಡಿ ಹಾಕೋಳು! ಆ ಕಿಟಕಿ ಪಕ್ಕ ಕೂರೋದು ಅವಳೊಬ್ಬಳೇ ಅಲ್ವಾ?”

ಉತ್ತರಕ್ಕೆ ಎರಡು ಸೆಕೆಂಡೂ ಹಿಡಿಯಲಿಲ್ಲ. ಕತ್ತರಿಯಕ್ಕನ ಮುಖ ಬಿಳಚಿಕೊಳ್ಳುತ್ತದೆ. ಪುಟ ಅಚ್ಚಿಗೆ ಹೋಗಲು ಉಳಿದಿರುವುದು ಒಂದೇ ದಿನ.

ಹದಿನಾಲ್ಕು ವರ್ಷ ಇದೇ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದ ಇವರು ಈಗ ಅಡುಗೆಮನೆಯ ಮೂಲೆಯಲ್ಲಿ ಕೂತು ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತಾರೆ. ಎಂಟುನೂರು ಪ್ರತಿ. ಒಂದೊಂದನ್ನೂ ಹತ್ತು ಜನ ಓದುತ್ತಾರೆ ಎಂಬುದು ಅವರ ಅಂದಾಜು; ನೂರು ಜನ ಎಂಬುದು ನನ್ನದು. ಕಾರ್ಖಾನೆಯ ಜಾಹೀರಾತನ್ನು ಪುಟದ ತುಂಬ ಹಾಕುವ ದೊಡ್ಡ ಪತ್ರಿಕೆಗಳ ಕಣ್ಣಿಗೆ ಆ ಬೀಗ ಬೀಳುವುದೇ ಇಲ್ಲ.

ಹೀಗೆ ಮೊದಲೇ ಓದಿ ಕೇಳಿಸುವ ಕಟ್ಟಳೆಯ ಹಿಂದೆ ಒಂದು ತಪ್ಪಿದೆ. ಮೂರು ವರ್ಷದ ಹಿಂದೆ, ಶೌಚಾಲಯಕ್ಕೂ ಬಿಡದ ಮೇಲ್ವಿಚಾರಕನ ಸುದ್ದಿಯಲ್ಲಿ ಅವರು ಯಾರ ಹೆಸರನ್ನೂ ಹಾಕಿರಲಿಲ್ಲ. ‘ಎಡಗೈಯಲ್ಲಿ ಕತ್ತರಿ ಹಿಡಿದೇ ಕಣ್ಣೊರೆಸಿಕೊಂಡಳು’ ಎಂದಷ್ಟೇ ಬರೆದಿದ್ದರು. ಸಾವಿರದಿನ್ನೂರು ಜನರಲ್ಲಿ ಎಡಗೈಯವಳು ಒಬ್ಬಳೇ, ಅವರ ಸ್ವಂತ ನಾದಿನಿ. ಮಾರನೆಯ ದಿನವೇ ಕೆಲಸ ಹೋಯಿತು.

“ಚೆನ್ನಾಗಿ ಬರೀಬೇಕು ಅನ್ನೋ ಚಪಲ ನಂದು, ಹೊಟ್ಟೆ ಮೇಲೆ ಏಟು ಬಿದ್ದಿದ್ದು ಇವಳಿಗೆ” ಎನ್ನುತ್ತಾರೆ.

“ಈಗ ನೋಡಿ, ಅತ್ತಿಗೆ ಉಪ್ಪಿಲ್ಲದೇ ಬರೀತಾರೆ” ಎಂದು, ಈಗ ಅವರ ಪತ್ರಿಕೆಯನ್ನೇ ಮಡಚಿ ಹಂಚುವ ನಾದಿನಿ ಪಕ್ಕದಲ್ಲೇ ನಿಂತು ಛೇಡಿಸುತ್ತಾಳೆ.

ಅಂದಿನಿಂದ, ಯಾರಾದರೂ ಗುರುತು ಹಿಡಿದರೆ ಆ ಸಾಲಿಗೆ ಕತ್ತರಿ. ಅಡ್ಡಹೆಸರು ಬಂದದ್ದೂ ಹೀಗೆಯೇ. ಈ ಲೇಖನದ್ದೇ ಮೂರು ಅಮೋಘ ಪ್ಯಾರಾಗಳು ಹಾರಿಹೋಗಿವೆ. ಅವರ ಕಟ್ಟಪ್ಪಣೆಯಂತೆ ಗುಂಡಿ ಹಾಕುವವಳ ಕೆಲಸವನ್ನೂ ಮಹಡಿಯನ್ನೂ ನಾನು ಬದಲಿಸಿದ್ದೇನೆ.

ಆದರೆ ಬೀಗದ ಸಾಲನ್ನೇ ತೆಗೆದರೆ ಉಳಿಯುವುದೇನು? ಹೋದ ವಾರ ಇಸ್ತ್ರಿ ಮೇಜಿನಿಂದ ಹೊಗೆ ಎದ್ದಾಗ ಹಿಂಬಾಗಿಲ ಮೆಟ್ಟಿಲಿಗೆ ದಾರಿಯಿಲ್ಲದೆ ಆ ಮಹಡಿಯ ನೂರಾ ನಲವತ್ತು ಹೆಂಗಸರು ಮುಂದಿನ ಮೆಟ್ಟಿಲೊಂದರಲ್ಲೇ ನೂಕಾಡಿದ್ದರು. ಅಂದು ಬರೀ ಹೊಗೆ. ನಾಳೆ?

ಅಷ್ಟರಲ್ಲಿ ಗುಂಡಿ ಹಾಕುವವಳೇ ಬಸ್ಸಿನಿಂದ ಇಳಿಯುತ್ತಾಳೆ. “ಹಾಕಕ್ಕಾ, ಆಗಿದ್ದಾಗ್ಲಿ.”

“ಆಗೋದು ನಿಂಗೆ ಕಣೇ, ನಂಗಲ್ಲ. ಮನೇಲಿ ದುಡಿಯೋಳು ನೀನೊಬ್ಬಳೇ.”

“ಅತ್ತಿಗೆ, ಅವಳೊಬ್ಬಳೇ ನೋಡಿದ್ದಕ್ಕೆ ತಾನೇ ಈ ಪಾಡು?” ಎಂದು ನಾದಿನಿ ಬಾಯಿ ಹಾಕುತ್ತಾಳೆ. “ಎಲ್ಲರೂ ನೋಡ್ಲಿ ಬಿಡಿ.”

ಆ ಮಧ್ಯಾಹ್ನದ ಬಿಡುವಿನಲ್ಲಿ ಎರಡನೇ ಮಹಡಿಗೆ ಎಂದೂ ಇಲ್ಲದ ಸೆಕೆ ಹತ್ತುತ್ತದೆ. ಒಬ್ಬಳಿಗೆ ತಲೆಸುತ್ತು, ಒಬ್ಬಳಿಗೆ ಉಬ್ಬಸ, ಒಬ್ಬಳಿಗೆ ಸುಮ್ಮನೆ ಬೇಸರ. ಎಲ್ಲರಿಗೂ ಅದೇ ಕಿಟಕಿಯ ಗಾಳಿ ಬೇಕು. “ಏನ್ರಮ್ಮಾ, ಇವತ್ತು ಎಲ್ಲರಿಗೂ ಒಟ್ಟಿಗೇ ಸೆಕೆನಾ?” ಎಂದು ಮೇಲ್ವಿಚಾರಕ ಗದರಿದ ಎಂದು ಸಂಜೆ ಗೇಟಿನ ಬಳಿ ಸಿಕ್ಕವರು ನಗುತ್ತಾರೆ. ಬೀಗ ಕಣ್ಣಾರೆ ಕಂಡವರು ಅರವತ್ತೊಂದು ಮಂದಿ. ಇದೊಂದು ಸಂಖ್ಯೆಗೆ ನಾನು ಏನನ್ನೂ ಸೇರಿಸಿಲ್ಲ.

ಮರುದಿನ ಬೆಳಗ್ಗೆ ಮತ್ತೆ ಓದು, ಬೇರೆ ಐವರ ಮುಂದೆ.

“ನಾನೇ ಹೇಳಿರ್ಬೇಕು” ಎನ್ನುತ್ತಾಳೆ ಒಬ್ಬಳು.

“ನಿನ್ನ ಮುಖ! ನಾನು ಕಣೇ” ಎನ್ನುತ್ತಾಳೆ ಇನ್ನೊಬ್ಬಳು.

ಸಾಲು ಉಳಿಯುತ್ತದೆ.

ಪತ್ರಿಕೆ ಹಂಚುವ ದಿನ ಎಂಟುನೂರೂ ಅರ್ಧ ಗಂಟೆಯಲ್ಲಿ ಖಾಲಿ. ಬೀಗ ಮಾತ್ರ ಹಾಗೇ ಇದೆ. ಹೆಂಗಸರು ಒಳಗೆ ಹೋಗುತ್ತಾರೆ, ಗೇಟು ಮುಚ್ಚುತ್ತದೆ. ಕತ್ತರಿಯಕ್ಕ ತಂಗುದಾಣದ ಕಲ್ಲುಬೆಂಚು ಬಿಟ್ಟು ಏಳುವುದಿಲ್ಲ.

“ಎಲ್ಲರೂ ಇಳಿದು ಬರೋವರೆಗೂ ನಾನು ಇಲ್ಲೇ” ಎನ್ನುತ್ತಾರೆ.

ಬೀಗ ತೆಗೆದರೆ ಏನು ಬರೆಯುತ್ತೀರಿ ಎಂದು ಕೇಳುತ್ತೇನೆ.

“ತೆಗೆದ್ರು ಅಂತ, ಒಂದೇ ಸಾಲು. ಯಾರು ತೆಗೆದಿದ್ದು ಅಂತ ಮಾತ್ರ ಹಾಕಲ್ಲ” ಎಂದು ಎರಡನೇ ಮಹಡಿಯತ್ತಲೇ ನೋಡುತ್ತಾರೆ. “ಪಾಪ, ತೆಗೆದೋನ ಕೆಲಸಾನೂ ಉಳೀಬೇಕಲ್ಲ.”