ಅಳತೆ ತೆಗೆಯದೆ ಹೊಲಿದ ಕುಬಸ

ನಾನು ಮೊದಲಿನಿಂದಲೂ ಅಂಜುಬುರುಕಿ. ಗುಡುಗಿದರೆ ಕೌದಿಯೊಳಗೆ, ನಾಯಿ ಬೊಗಳಿದರೆ ಅವ್ವನ ಹಿಂದೆ. ಮನೆಯವರು ಇದಕ್ಕೆ ಈಗಲೂ ನಗುತ್ತಾರೆ. ನಗಲಿ ಬಿಡಿ, ನನ್ನದೇನು ಹೋಯಿತು! ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ನಾನು ಹೊಲಿಗೆ ದಾರಕ್ಕೆ ಅಂಜಿ ಕೂತಿದ್ದೆ. ಆ ಮಾತು ತೆಗೆದರೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ.

ನಮ್ಮದು ತಿಕೋಟಾ. ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ನಮ್ಮ ಕಡೆ ಬಸಿರಾದ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಕುಪ್ಪಸ ಒಯ್ದು, ಉಡಿಸಿ ತೊಡಿಸಿ, ಬಳೆ ಇಡಿಸಿ ಉಡಿ ತುಂಬುತ್ತಾರೆ. ಆ ಕಾರ್ಯಕ್ಕೆ ಕುಬಸ ಎಂದೇ ಹೆಸರು. ಹೋಳಿಗೆ, ಸೀರೆ ಏನೇ ಇರಲಿ, ಆ ದಿನ ಎಲ್ಲರ ಕಣ್ಣು ಕುಪ್ಪಸದ ಮೇಲೆ. ಅಕ್ಕ ಮೊದಲ ಸಲ ಬಸಿರಾದಾಗ ಅದನ್ನು ವಿಜಯಪುರದ ಟೇಲರ್ ಒಬ್ಬ ಹೊಲಿದಿದ್ದ. ಆಗ ನಮ್ಮೆಲ್ಲರ ಬಾಯಲ್ಲಿ ಅದು ಬಿಜಾಪುರ. ಅಕ್ಕನನ್ನು ನಿಲ್ಲಿಸಿ, ಟೇಪು ಸುತ್ತಿ, ಕುಪ್ಪಸಕ್ಕೆಂದೇ ನೇಯ್ದ ಅಂಚಿನ ಖಣದ ಗಟ್ಟಿ ಬಟ್ಟೆಯಲ್ಲಿ ಮೈಗೆ ಅಂಟಿದ ಹಾಗೆ ಹೊಲಿದುಕೊಟ್ಟಿದ್ದ. ಆರತಿಯ ಹೊತ್ತಿಗೆ ಅಕ್ಕ ತೋಳು ಎತ್ತಿದಳು, ಕಂಕುಳಲ್ಲಿ ಪರ್ರನೆ ಹರಿಯಿತು. ಕೂತ ಹೆಂಗಸರೆಲ್ಲ ಕೇಳಿಸಿಕೊಂಡರು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಆ ತಿಂಗಳು ಕಳೆಯುವುದರೊಳಗೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತು.

ಹರಿದದ್ದಕ್ಕೂ ಹೋದದ್ದಕ್ಕೂ ಏನೇನೂ ಸಂಬಂಧವಿಲ್ಲ ಎಂದು ಡಾಕ್ಟರ್ ಬಾಯಿಯವರು ಹೇಳಿದರು. ಅಪ್ಪ ಹೇಳಿದ. ನಾನೂ ಹೇಳಿದೆ, ದೊಡ್ಡ ಧೈರ್ಯಸ್ಥೆಯ ಹಾಗೆ. ಅಕ್ಕ ಎಲ್ಲರಿಗೂ ಹೂಂ ಅಂದಳು. ಆಮೇಲೆ ಒಂದು ದಿನ ಹಿತ್ತಲಲ್ಲಿ ಬಟ್ಟೆ ಹಿಂಡುವಾಗ ನನಗೊಬ್ಬಳಿಗೇ ಕೇಳುವಂತೆ, "ಆ ಸಪ್ಪಳ ನನಗ ಇನ್ನೂ ಕೇಳಸ್ತೈತಿ ಬೇ" ಅಂದಳು.

ಎರಡನೆಯ ಸಲ ಹೊಟ್ಟೆ ಕಾಣುವ ಹೊತ್ತಿಗೆ ಅಕ್ಕನ ಅತ್ತೆ ತಾನೇ ತಿಕೋಟಾಕ್ಕೆ ಬಂದಳು. ಗಟ್ಟಿ ಹೆಂಗಸು. ಪಡಸಾಲೆಯಲ್ಲಿ ನೆಟ್ಟಗೆ ಕೂತು, ಕೊಟ್ಟ ಚಹಾ ಮುಟ್ಟದೆ ಅವ್ವನಿಗೆ ಹೇಳಿದಳು:

"ನೋಡ್ರಿ ಬೀಗ್ತಿ, ಈ ಸಲ ಟೇಲರ್ ಬ್ಯಾಡ. ತವರಮನಿ ಕೈಲೇನ ಹೊಲದು ತರ್ರಿ. ಮತ್ತ ಟೇಪ ಹಿಡಕೊಂಡು ನನ್ನ ಸೊಸಿ ಹಂತೇಕ ಯಾರೂ ಬರಬಾರ್ದು. ಬಸರಿಗೆ ಅಳತಿ ತಗೀಬಾರ್ದು. ಅಳತಿ ತಗಿಯೂದು ಕುಣಿ ತೋಡೂ ಮುಂದ."

ಅವ್ವ "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡಳು.

"ಬಾಯಿಬಿಟ್ಟ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಅಕಿ ಸರಿಯಾಗಿ ಉಣ್ಣೂದಿಲ್ಲ, ಮಲಗೂದಿಲ್ಲ. ಅದನ್ನ ತಲ್ಯಾಗ ಹಾಕ್ಕೊಂಡು ಕುಂತಾಳ. ಈ ಸಲಾನೂ ಹರೀತಂದ್ರ ಅಕಿ ಉಳಿಯೂದಿಲ್ಲರಿ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅಲ್ಲಿಯವರೆಗೆ ನನಗೆ ಅವಳ ಮೇಲೆ ಸಿಟ್ಟಿತ್ತು. ದನಿ ಒಡೆದದ್ದು ಕೇಳಿ ಸಿಟ್ಟು ಹೋಗಿ ಹೆದರಿಕೆ ಬಂತು. ಅಷ್ಟು ಗಟ್ಟಿ ಹೆಂಗಸೇ ಅಂಜಿದ ಮೇಲೆ ನನ್ನಂಥವಳ ಗತಿ ಏನು?

ಅವಳು ಎದ್ದು ಹೋದ ಮೇಲೆ ಅಪ್ಪ, ಅವ್ವ ಇಬ್ಬರೂ ನನ್ನ ಮುಖ ನೋಡಿದರು. ಮನೆಯಲ್ಲಿ ಹೊಲಿಗೆ ಕಲಿತವಳು ನಾನೊಬ್ಬಳೇ. ಓಣಿಯ ಖಾಲಾ ಒಬ್ಬರ ಮನೆಗೆ ಹೋಗಿ ಕಲಿತಿದ್ದೆ, ಮಷಿನ್ನೂ ಅವರದೇ. ನನ್ನ ಬಂಡವಾಳ ಒಂದೇ ಒಂದು ಕಟಿಂಗ್. ಖಾಕಿ ಕಾಗದದ ಮೇಲೆ, ಅಕ್ಕನ ಮದುವೆಗೆ ಮುಂಚಿನ ಮೈಗೆ ಕತ್ತರಿಸಿ ಇಟ್ಟುಕೊಂಡದ್ದು. ಬಾಗಿಲ ಹಿಂದಿನ ಮೊಳೆಗೆ ಸದಾ ತೂಗುತ್ತಿತ್ತು. ಅದನ್ನೇ ಉದ್ದ ಮಾಡಿದರೆ ಫ್ರಾಕು, ಮೋಟು ಮಾಡಿದರೆ ಪೋಲಕಾ, ಸುತ್ತ ಎರಡು ಬೆರಳು ಬಿಟ್ಟು ಕತ್ತರಿಸಿದರೆ ಅವ್ವನ ಜಂಪರು. ಓಣಿಯ ಅರ್ಧ ಹೆಂಗಸರು ಆ ಕಾಗದದಿಂದ ಹುಟ್ಟಿದ ಬಟ್ಟೆಯಲ್ಲೇ ಓಡಾಡುತ್ತಿದ್ದರು. ಆದರೆ ಕಣ್ಣಿಗೆ ಬೀಳದ ಹೊಟ್ಟೆಗೆ ಎಷ್ಟು ಬೆರಳು ಬಿಡಬೇಕು ಎಂದು ನನಗೆ ಯಾರು ಹೇಳಬೇಕು?

"ನಾ ಒಲ್ಲೆ ಅವ್ವಾ. ಹರದರ ನನ್ನ ತಲೀ ಮ್ಯಾಲ ಬರತೈತಿ" ಅಂದೆ.

"ಮತ್ತ ಯಾರ ತಲೀ ಮ್ಯಾಲ ಹಾಕೂಣು? ಅಕಿ ನಿನ್ನ ಅಕ್ಕ ಅಲ್ಲೇನ?"

ನಾನು ಎದ್ದು ಹೋಗಿ ಟೇಪನ್ನು ಟ್ರಂಕಿನ ತಳಕ್ಕೆ, ಹಳೆಯ ಸೀರೆಗಳ ಕೆಳಗೆ ಹಾಕಿಟ್ಟೆ. ಅದು ಕಣ್ಣೆದುರು ಇದ್ದರೂ ಏನಾದರೂ ಆದೀತು ಎಂಬಷ್ಟು ಹೆದರಿಕೆ.

ಹರಿಯದ ಬಟ್ಟೆಯ ವಿಚಾರ ಹೊಳೆದದ್ದು ಹಿತ್ತಲ ಹಗ್ಗದ ಮುಂದೆ. ಅಲ್ಲಿ ಅಪ್ಪನ ಬನಿಯನ್ ಒಣಗುತ್ತಿತ್ತು. ಅಪ್ಪನ ಹೊಟ್ಟೆ ವರ್ಷದಿಂದ ವರ್ಷಕ್ಕೆ ಮುಂದೆ ಬರುತ್ತಿತ್ತು. ಬನಿಯನ್ ಪಾಪ, ಏನೂ ಅನ್ನದೆ ಹಿಗ್ಗಿಕೊಂಡೇ ಹೋಗುತ್ತಿತ್ತು. ಅದನ್ನು ಎರಡೂ ಕೈಯಿಂದ ಎಳೆದೆ, ಬಿಟ್ಟೆ. ತನ್ನಷ್ಟಕ್ಕೆ ಮರಳಿ ಬಂತು. ಮತ್ತೆ ಎಳೆದೆ.

"ಏನ ಮಾಡಾಕತ್ತೀ ಲೇ? ಬನೀನ ಹರೀತೈತಿ!" ಎಂದು ಅಪ್ಪ ಒಳಗಿನಿಂದ ಕೂಗಿದ.

"ಹರೀಲಿ ಅಂತನ ಎಳಿಯಾಕತ್ತೇನಿ ಯಪ್ಪಾ, ಹರೀವಲ್ದು!"

ಮರುದಿನವೇ ಅವ್ವನನ್ನು ಕರೆದುಕೊಂಡು ಬಿಜಾಪುರದ ಬಸ್ಸು ಹತ್ತಿದೆ. ಬಿಳಿ ಬನಿಯನ್ ಬಟ್ಟೆ ಅಂಗಡಿಗಳಲ್ಲಿ ಸಿಗುತ್ತಿತ್ತು. ಕುಬಸಕ್ಕೆ ಬಿಳಿ ಹೇಗೆ ಒಯ್ಯುವುದು? ಕಾಲು ನೋಯುವಷ್ಟು ತಿರುಗಿದ ಮೇಲೆ ಒಬ್ಬ ವಯಸ್ಸಾದ ಅಂಗಡಿಯವರು ಸೋಲಾಪುರದಿಂದ ಬಂದ ತುಂಡುಗಳ ಗಂಟು ಬಿಚ್ಚಿ, ಅದೇ ಜಾತಿಯ ಎಲೆಹಸಿರು ಬಟ್ಟೆ ಹೊರಗೆಳೆದರು. "ಇದು ಆಟ ಆಡೋರ ಅಂಗಿಗೆ ಬಂದದ್ದವ್ವಾ. ಮನ್ಯಾಗ ವಾಲಿಬಾಲ ಆಡೋರ ಅದಾರೇನು?" ಎಂದು ಕೇಳಿದರು. ಅವ್ವ ಕಣ್ಣು ಮಿಟುಕಿಸದೆ "ಹೂನ್ರಿ" ಅಂದುಬಿಟ್ಟಳು. ಕುಬಸಕ್ಕೆ ಎಂದು ಪೇಟೆಯಲ್ಲಿ ನಿಂತು ಹೇಳಲು ಅವಳಿಗೂ ಬಾಯಿ ಬರಲಿಲ್ಲ. ಯಾರ ಕಣ್ಣು ಹೇಗಿರುತ್ತದೋ ಏನೋ.

ಬಟ್ಟೆಯನ್ನು ಚಾಪೆಯ ಮೇಲೆ ಹಾಸಿ, ಅದರ ಮೇಲೆ ಕಾಗದ ಇಟ್ಟೆ. ಈ ಬಟ್ಟೆ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಹಿಗ್ಗದು. ಹಿಗ್ಗುವ ಮಗ್ಗುಲು ಹೊಟ್ಟೆಯ ಸುತ್ತ ಬರಬೇಕು, ತಪ್ಪಿ ತಿರುಗಿಸಿದರೆ ಮುಗಿಯಿತು. ತಿರುಗಿ ತಿರುಗಿ ಎಳೆದು ನೋಡಿದೆ. ಸೀರೆಯ ಸಂದಿಯಲ್ಲಿ ಹೊಟ್ಟೆ ಕಾಣದಿರಲಿ, ಯಾರ ದೃಷ್ಟಿಯೂ ನೇರ ಬೀಳದಿರಲಿ ಎಂದು ಕುಪ್ಪಸವನ್ನು ಸೊಂಟದ ಕೆಳಗಿನವರೆಗೆ ಉದ್ದ ಮಾಡಿದೆ. ಕತ್ತರಿಸಿದ್ದು ನಾನೋ, ಹೆದರಿಕೆಯೋ, ಗೊತ್ತಿಲ್ಲ.

ಖಾಲಾರ ಮಷಿನ್ ಮೇಲೆ ಮೊದಲು ಒಂದು ತುಂಡು ಹೊಲಿದೆ. ಹೊಲಿಗೆ ಚೆಂದ ಬಂತು. ಎಳೆದು ನೋಡಿದೆ. ಟಪ್! ಬಟ್ಟೆ ಹರಿಯಲಿಲ್ಲ, ದಾರ ಹರಿಯಿತು. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಇಷ್ಟು ಸಣ್ಣ ಮಾತು ನನಗೆ ತೋಚಿರಲಿಲ್ಲ. ಇನ್ನೊಂದು ತುಂಡು ಹೊಲಿದೆ, ಎಳೆದೆ. ಟಪ್. ಆ ದಿನವೆಲ್ಲ ಅನ್ನ ಕುದಿಯುವ ಸಪ್ಪಳಕ್ಕೂ ಬೆಚ್ಚಿ ಬೀಳುತ್ತಿದ್ದೆ.

ಆಮೇಲೆ ಹಟ ಬಂತು. ತುಂಡಿನ ಮೇಲೆ ತುಂಡು ಹಾಳು ಮಾಡುತ್ತ ಹೋದೆ. ಬಟ್ಟೆಯ ಅಡಿ ಹಳೆಯ ಪತ್ರಿಕೆಯ ಕಾಗದ ಇಟ್ಟು, ಹಿಂದೊಂದು ಕೈ ಮುಂದೊಂದು ಕೈ ಹಿಡಿದು ಅಷ್ಟಷ್ಟೇ ಜಗ್ಗುತ್ತ, ಖಾಲಾ ಚಕ್ರ ತಿರುಗಿಸಿದರೆ ನಾನು ಹೊಲಿಗೆಯನ್ನು ಸೊಟ್ಟಸೊಟ್ಟ ಓಡಿಸಿದೆ. ಕಾಗದ ಹರಿದು ತೆಗೆದ ಮೇಲೆ ನೋಡಿದರೆ ದಾರ ಸಡಿಲಾಗಿ ಕೂತಿತ್ತು. ಎಳೆದೆ, ಹಿಗ್ಗಿತು. ಸಪ್ಪಳವಿಲ್ಲ. "ಏನ ವಂಕಾ ಹೊಲದೀ ಬೇಟಿ, ನನ್ನ ಹೆಸರ ಕೆಡಸ್ತಿ" ಎಂದು ಖಾಲಾ ನಕ್ಕರು. ಕೆಡಲಿ, ದಾರ ಉಳಿದರೆ ಸಾಕು ಎಂದು ಇಡೀ ಕುಪ್ಪಸವನ್ನು ಹಾಗೇ ಸೊಟ್ಟಗೆ ಹೊಲಿದೆ.

ಮುಗಿಯಿತು ಅನ್ನುವಷ್ಟರಲ್ಲಿ ಅವ್ವ ಅದನ್ನು ಎತ್ತಿ ಹಿಡಿದು ಮುಖ ಸಣ್ಣ ಮಾಡಿದಳು. "ಖಣ ಎಲ್ಲೈತಿ? ಖಣ ಇಲ್ಲದ್ದಕ್ಕ ಕುಬಸ ಅಂತಾರೇನ? ನಾಕ ಮಂದಿ ನಗತಾರ. ಕೆಳಗ ಒಂದು ಅಂಚರ ಹಚ್ಚು."

"ಖಣ ಹಿಗ್ಗೂದಿಲ್ಲವಾ!"

"ಹಿಗ್ಗದಿದ್ದರ ಅಗಲ ಹಚ್ಚು."

ವಾದ ಮಾಡಿದೆ, ಕಣ್ಣೀರು ಹಾಕಿದೆ. ಅವ್ವ ಜಗ್ಗಲಿಲ್ಲ. ಖಣವಿಲ್ಲದೆ ಕುಬಸ ಒಯ್ದರೆ ಅದೇ ಅಪಶಕುನ ಎಂಬುದು ಅವಳ ಹೆದರಿಕೆ. ಖಣ ಹಚ್ಚಿದರೆ ಹರಿದೀತು ಎಂಬುದು ನನ್ನ ಹೆದರಿಕೆ. ಅವಳ ಹೆದರಿಕೆ ನನ್ನದಕ್ಕಿಂತ ಹಿರಿದು. ಹೊಟ್ಟೆಯ ಸುತ್ತ ಬರುವ ಕೆಳ ಅಂಚಿಗೆ ಖಣದ ಪಟ್ಟಿ ಹಚ್ಚಿದೆ. ಎಷ್ಟು ಅಗಲ ಬಿಟ್ಟೆನೋ ದೇವರಿಗೇ ಗೊತ್ತು.

ಬಬಲೇಶ್ವರದ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವ್ವನ ಕೈಗೂ ಕೊಡಲಿಲ್ಲ. ಬೀಗರ ಮನೆಯ ಅಂಗಳದಲ್ಲಿ ಹೆಂಗಸರು ಆಗಲೇ ನೆರೆದಿದ್ದರು. ಹೋದ ಸಲ ಹಾಡು ನಿಲ್ಲಿಸಿದವರೇ ಈ ಸಲವೂ ಮುಂದೆ ಕೂತಿದ್ದರು. ಕುಪ್ಪಸ ತೊಡಿಸಲು ನಾನೂ ಅಕ್ಕನೂ ಒಳಕೋಣೆಗೆ ಹೋದೆವು.

ಅಕ್ಕ ಸೆರಗು ತೆಗೆದಾಗ ನನಗೆ ಅಳು ಬಂತು. ಮುಖ ಸೊರಗಿ ಇಷ್ಟೇ ಆಗಿತ್ತು, ಹೊಟ್ಟೆ ಮಾತ್ರ ಮುಂದೆ. ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು: "ನಿನ್ನಿಯಿಂದ ಕೂಸು ಮಿಸುಕಾಡಿಲ್ಲ ಬೇ. ಯಾರ ಮುಂದೂ ಹೇಳಿಲ್ಲ."

ಹೊರಗೆ ಹೋಗಿ ಹೇಳಲೇ? ಕಾರ್ಯ ನಿಲ್ಲಿಸಲೇ? ಏನೂ ತಿಳಿಯದೆ, ಬಂದ ಕೆಲಸ ಮಾಡಿದೆ. ಅವಳ ತೋಳು ಎತ್ತಿಸಿ ಕುಪ್ಪಸ ಇಳಿಸಿದೆ. ಬಟ್ಟೆ ಭುಜದಿಂದ ಇಳಿದು, ಎದೆಯ ಮೇಲೆ ಕೂತು, ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದ ಹಾಗೆ ಹಿಡಿಯಿತು. ಕೆಳಗಿನ ಖಣದ ಪಟ್ಟಿ ಬಿಟ್ಟರೆ ಎಲ್ಲೂ ಬಿಗಿಯಿಲ್ಲ, ಎಲ್ಲೂ ಜೋಲಿಲ್ಲ. ಇಷ್ಟು ದಿನ ಸೆರಗಿನ ಮೇಲೆ ಸೆರಗು ಹೊದ್ದು ಮುದುಡಿ ನಿಲ್ಲುತ್ತಿದ್ದವಳು ಕನ್ನಡಿಯಲ್ಲಿ ತನ್ನನ್ನೇ ಕಂಡು ಬೆನ್ನು ನೆಟ್ಟಗೆ ಮಾಡಿದಳು. ನನ್ನ ಅಕ್ಕ ಮದುವೆಯ ದಿನವೂ ಅಷ್ಟು ಚೆಂದ ಕಂಡಿರಲಿಲ್ಲ.

ಆಗ ಬಟ್ಟೆಯ ಎಡ ಮಗ್ಗುಲು ಉಬ್ಬಿತು. ಒಳಗಿನಿಂದ ಯಾರೋ ಮೊಣಕೈ ಊರಿದ ಹಾಗೆ ಹಸಿರು ಎದ್ದು, ಆ ಕಡೆಯಿಂದ ಈ ಕಡೆಗೆ ಸರಿಯಿತು. ಅಕ್ಕ "ಯವ್ವಾ!" ಎಂದು ಉಸಿರು ಎಳೆದುಕೊಂಡಳು.

ಟಪ್.

ಖಣದ ಪಟ್ಟಿ. ಅಕ್ಕನ ಮುಖದ ಬಣ್ಣ ಹೋಯಿತು. ನಾನು ಎರಡೂ ಕೈಯಿಂದ ಆ ಜಾಗ ಮುಚ್ಚಿ ಹಿಂದೆ ತಿರುಗಿದರೆ ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದಳು. ಸಪ್ಪಳ ಅವಳಿಗೂ ಕೇಳಿಸಿತ್ತು.

ಅವಳು ಬಾಗಿಲು ಮುಂದೆ ಮಾಡಿ ಹತ್ತಿರ ಬಂದಳು. "ಕೈ ತಗಿ" ಅಂದಳು. ತೆಗೆದೆ. ಪಟ್ಟಿಯ ಹೊಲಿಗೆ ಒಂದು ಬೆರಳಿನಷ್ಟು ಬಿಟ್ಟುಕೊಂಡಿತ್ತು. ಬಾಗಿ ನೋಡಿದಳು. ಅಷ್ಟರಲ್ಲಿ ಹಸಿರು ಮತ್ತೆ ಉಬ್ಬಿತು, ಅವಳ ಕಣ್ಣ ಮುಂದೆಯೇ. ಅಂಗೈ ಇಟ್ಟಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡು ನಿಂತಳು.

"ಹೋದ ಸಲ ಹೊರಗಿಂದ ಹರದಿತ್ತು" ಅಂದಳು ಕೊನೆಗೆ. "ಈ ಸಲ ಒಳಗಿನವರು ಒದ್ದು ಹರದಾರ. ಹರೀಲಿ ತಗೋ."

ತನ್ನ ತಾಳಿಸರದಲ್ಲಿದ್ದ ಪಿನ್ನು ತೆಗೆದು, ಒಳಗೆ ತನ್ನ ಬೆರಳು ಅಡ್ಡ ಇಟ್ಟುಕೊಂಡು ಚುಚ್ಚಿ ಹಾಕಿದಳು. ಮೇಲೆ ಸೀರೆಯನ್ನು ತಾನೇ ಉಡಿಸಿದಳು. ನಮ್ಮಿಬ್ಬರಿಗೂ ಬೆರಳು ತೋರಿಸಿ, "ಹೊರಗ ಯಾರರ ಉಸಿರ ಬಿಟ್ಟೀರಿ ಮತ್ತ" ಎಂದು ಗದರಿ, ಅಕ್ಕನ ಕೈ ಹಿಡಿದು ಅಂಗಳಕ್ಕೆ ಕರೆದೊಯ್ದಳು. ಹಾಡು ಕೊನೆಯವರೆಗೂ ನಿಲ್ಲಲಿಲ್ಲ.

ಹೆದರಿಕೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಹೆರಿಗೆಗೆ ಅಕ್ಕ ತಿಕೋಟಾಕ್ಕೆ ಬಂದ ಮೇಲೂ, ಮಷಿನ್ ಮೇಲೆ ದಾರ ಟಪ್ ಎಂದಾಗಲೆಲ್ಲ ನಾನು ಎದ್ದು ಹೋಗಿ ಅವಳ ಮುಖ ನೋಡಿ ಬರುತ್ತಿದ್ದೆ. ಹುಟ್ಟಿದ್ದು ಹೆಣ್ಣು. ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಆ ಅಳು ಕೇಳಿಯೂ ನನಗೆ ನಂಬಿಕೆ ಬಾರದೆ, ಕೂಸಿನ ಮೂಗಿನ ಹತ್ತಿರ ಕೈ ಒಡ್ಡಿ ನೋಡಿದ್ದೆ.

ಕೂಸು ನೋಡಲು ಬಂದ ಅಕ್ಕನ ಅತ್ತೆ ಚೀಲದಿಂದ ಆ ಹಸಿರು ಕುಪ್ಪಸ ತೆಗೆದು ನನ್ನ ಮುಂದೆ ಇಟ್ಟಳು. ಒಗೆದು ಮಡಚಿಟ್ಟಿದ್ದಳು, ಪಿನ್ನು ಹಾಗೇ ಇತ್ತು. ಕೂಸಿನ ಮೊದಲ ಅಂಗಿ ಹೊಸ ಬಟ್ಟೆಯದಾಗಬಾರದು, ಉಟ್ಟು ಮೆತ್ತಗಾದದ್ದರಿಂದ ಹೊಲಿಯಬೇಕು ಎಂಬುದು ನಮ್ಮಲ್ಲಿ ರೂಢಿ.

"ಇದನ್ನ ಕತ್ತರಿಸಿ ಕೂಸಿಗೆ ಒಂದು ಅಂಗಿ ಹೊಲಿ."

ನಾನು ಮೊಳೆಯಿಂದ ಕಾಗದ ತೆಗೆದುಕೊಂಡು ಬಂದು, ತೊಟ್ಟಿಲಿನ ಹತ್ತಿರ ನಿಂತು ಕಣ್ಣಲ್ಲೇ ಅಂದಾಜು ಮಾಡತೊಡಗಿದೆ.

"ಏನ ನೋಡಾಕತ್ತಿ?"

"ಎಷ್ಟ ಬೆರಳ ಸಣ್ಣದ ಮಾಡಬೇಕಂತ ರೀ, ಅತ್ತಿ."

"ಟೇಪ ಎಲ್ಲೈತಿ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಟ್ರಂಕಿನ ಕಡೆ ಕಣ್ಣು ಮಾಡಿದಳು. ಹಳೆಯ ಸೀರೆಗಳ ಕೆಳಗಿನಿಂದ ಟೇಪು ಹುಡುಕಿ ತರುವಷ್ಟರಲ್ಲಿ ಆ ಹೆಂಗಸು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅದರ ಮುದುಡಿದ ತೋಳನ್ನು ತಾನೇ ಬಿಡಿಸಿ ನೆಟ್ಟಗೆ ಹಿಡಿದು ನನ್ನ ಕಡೆ ಚಾಚಿದಳು.

"ಬಾ ಬೇ, ಅಳತಿ ತಗೋ" ಅಂದಳು.